ಮನೆಯ ಹಿರಿಯರು ಬೀಳದಂತೆ



ಎತ್ತು ಕುಂಟಿದರೆ ನೀವು ಅದೇ ದಿನ ಗೊರಸನ್ನು ಎತ್ತಿ ನೋಡುತ್ತೀರಿ. ಮನೆಯ ಹಿರಿಯರು ಗೋಡೆ ಹಿಡಿದು ನಡೆಯತೊಡಗಿದರೆ ಮಾತ್ರ “ವಯಸ್ಸಾಯಿತು” ಎಂದು ಸುಮ್ಮನಾಗುವುದುಂಟು. ಬೀಳುವುದು ಮುಪ್ಪಿನ ಹಣೆಬರಹವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ 6,84,000 ಜನರು ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ಇಂದು ರಾತ್ರಿ ಟಾರ್ಚು ಹಿಡಿದು, ನಿಮ್ಮ ತಾಯಿಯವರು ಮಲಗುವ ಜಾಗದಿಂದ ಬಚ್ಚಲಿನವರೆಗೆ ಅವರ ಹೆಜ್ಜೆಯಲ್ಲೇ ನಡೆದು ನೋಡಿರಿ. ಕಾಲಿಗೆ ಏನೇನು ತೊಡರುತ್ತದೆ? ಎತ್ತರದ ಹೊಸ್ತಿಲು, ಮಡಚಿಕೊಂಡ ಚಾಪೆ, ಬಾಗಿಲಲ್ಲೇ ಇಟ್ಟ ಔಷಧಿ ಪಂಪು, ಕೊಟ್ಟಿಗೆಯ ಹಗ್ಗ. ಮಳೆಗಾಲವಾದರೆ ಹಿತ್ತಿಲ ಚಪ್ಪಡಿಯ ಮೇಲೆ ಪಾಚಿ. ಹೊಸ್ತಿಲನ್ನು ಕೀಳಬೇಕಾಗಿಲ್ಲ, ಅಜ್ಜಿ ಒಪ್ಪುವುದೂ ಇಲ್ಲ. ಅಂಚಿಗೆ ಬಿಳಿ ಬಣ್ಣದ ಪಟ್ಟೆ ಎಳೆದರೆ ಮಬ್ಬುಗಣ್ಣಿಗೂ ಕಾಣುತ್ತದೆ. ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೆಗೆಯಿರಿ. ಬಚ್ಚಲಿಗೆ ನುಣುಪು ಟೈಲ್ಸಿಗಿಂತ ದೊರಗು ಕಲ್ಲೇ ಲೇಸು. ಕೂರುವ ಜಾಗದ ಪಕ್ಕದ ಗೋಡೆಗೆ ಕಬ್ಬಿಣದ ಹಿಡಿಕೆಯೊಂದನ್ನು ಸಿಮೆಂಟು ಹಾಕಿ ಭದ್ರಪಡಿಸಿರಿ. ಹಗ್ಗ ಸಾಲದು, ಭಾರ ಬಿದ್ದಾಗ ಅದು ತೂಗಾಡುತ್ತದೆ. ದಾರಿಯಲ್ಲಿ ಒಂದು ಸಣ್ಣ ಬಲ್ಬು ರಾತ್ರಿಯಿಡೀ ಉರಿಯಲಿ.

ಬಿದ್ದಾರೆಂದು ಹಿರಿಯರನ್ನು ಕೂರಿಸಿಬಿಡುವುದು ತಪ್ಪು. ಕೂತ ಕಾಲು ಮತ್ತಷ್ಟು ಸೊರಗುತ್ತದೆ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ದಿನಕ್ಕೆ ಹತ್ತು ಸಲ ಎದ್ದು ಕೂರಲಿ. ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ. ಮೊದಮೊದಲು ಯಾರಾದರೂ ಪಕ್ಕದಲ್ಲಿರಬೇಕು. ಕಣ್ಣಿನ ಪೊರೆಯನ್ನು ತೆಗೆಸಿರಿ. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಥಟ್ಟನೆ ಎದ್ದರೆ ತಲೆ ಸುತ್ತಬಹುದು; ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಏಳಲಿ. ತಲೆಸುತ್ತು ನಿಲ್ಲದಿದ್ದರೆ ಡಾಕ್ಟರಿಗೆ ತಿಳಿಸತಕ್ಕದ್ದು; ಮಾತ್ರೆಯನ್ನು ತಾವಾಗಿ ಬಿಡಬಾರದು.

ಹೊಲಕ್ಕೆ ಹೋಗಗೊಡುವುದಿಲ್ಲವೆಂಬ ಅಂಜಿಕೆಯಿಂದ ಹಿರಿಯರು ಬಿದ್ದದ್ದನ್ನು ಮುಚ್ಚಿಡುವುದುಂಟು. ಬೈಯದೆ ಕೇಳಿರಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು.

ಯಾರಾದರೂ ಬಿದ್ದರೆ ರಟ್ಟೆ ಹಿಡಿದು ಎಳೆದು ನಿಲ್ಲಿಸಬೇಡಿರಿ. ತೊಡೆಸಂದಿನಲ್ಲಿ ನೋವಿದ್ದು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಅಲ್ಲಿ ಮೂಳೆ ಮುರಿದಿರಬಹುದು. ಎಣ್ಣೆ ನೀವುವುದು, ನಾಟಿ ಕಟ್ಟು ಹಾಕಿಸುವುದು ಬೇಡ. ಅಲುಗಾಡಿಸದೆ ಮಲಗಿಸಿ 108ಕ್ಕೆ ಕರೆ ಮಾಡಿರಿ. ಈ ಮುರಿತಕ್ಕೆ ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಹಿರಿಯರು ಮತ್ತೆ ನಡೆಯುವ ಆಸೆ ಹೆಚ್ಚು.