ಮಗು ಮೊಬೈಲ್ ಬೆದರಿಕೆಗೆ ಸಿಲುಕಿದಾಗ ಶಾಲೆ ಏನು ಮಾಡಬೇಕು?

ಆನ್‌ಲೈನ್‌ನಲ್ಲಿ ಬೆದರಿಕೆಗೆ ಸಿಲುಕಿದ ಮಗು ಸುಲಭವಾಗಿ ಬಾಯಿ ಬಿಡುವುದಿಲ್ಲ. ಹೊಟ್ಟೆನೋವು ಎನ್ನುತ್ತದೆ, ತರಗತಿಯಲ್ಲಿ ತೂಕಡಿಸುತ್ತದೆ, ಶಾಲೆ ತಪ್ಪಿಸುತ್ತದೆ. ಇದನ್ನು ಮೊದಲು ಗಮನಿಸುವವರು ಶಾಲೆಯ ಆಯಾ ಅಥವಾ ಬಸ್ ಚಾಲಕರೂ ಆಗಿರಬಹುದು. ತರಬೇತಿ ಅವರಿಗೂ ಬೇಕು.

ಹೇಳಲು ಬಂದ ಮಗುವನ್ನು "ಫೋನ್ ಕೊಟ್ಟವರು ಯಾರು?" ಎಂದು ಗದರಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮೊದಲು ಕೇಳಿಸಿಕೊಳ್ಳಬೇಕು. ಬೆದರಿಕೆಯ ಸಂದೇಶ, ಖಾತೆಯ ಹೆಸರು ಅಳಿಸಬಾರದು. ಮಗುವಿನ ಅಶ್ಲೀಲ ಚಿತ್ರವಿದ್ದರೆ, ಸಾಕ್ಷಿಗೆಂದೂ ಅದನ್ನು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಲೇಬಾರದು, ಅದು ಅಪರಾಧ.

ಶಾಲೆಯ ಮಾನ ಹೋಗುತ್ತದೆಂದು ಮುಚ್ಚಿಡುವವರಿದ್ದಾರೆ. ಆದರೆ 2012ರ ಪೋಕ್ಸೋ ಕಾಯ್ದೆಯಂತೆ, ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದವರಿಗೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. ಆ ಸಂಖ್ಯೆ ತರಗತಿಯ ಗೋಡೆಯ ಮೇಲಿದೆಯೇ ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳಿ.