ಕಾಲುವೆಯ ಕೆಳಗೆ, ಕಾಲುವೆಯ ಮೇಲೆ: ಬಾರಾಮತಿಯ ಪರಿಚಯ

ಬಾರಾಮತಿಗೆ ಕೆಲಸಕ್ಕೋ ಓದಿಗೋ ಹೊಸದಾಗಿ ಬಂದ ಕನ್ನಡದವರಿಗೆ ನಾನು ಮೊದಲು ತೋರಿಸುವುದು ಊರೊಳಗಿಂದಲೇ ಹಾದುಹೋಗುವ ನೀರಾ ಎಡದಂಡೆ ಕಾಲುವೆಯನ್ನು. ಅದರ ಸೇತುವೆಯ ಮೇಲೆ ನಿಂತು ನೋಡಿದರೆ ಈ ತಾಲ್ಲೂಕಿನ ಅರ್ಧ ಕಥೆ ಅರ್ಥವಾಗುತ್ತದೆ.

ಪುಣೆಯಿಂದ ಆಗ್ನೇಯಕ್ಕೆ ಸುಮಾರು 100 ಕಿಲೋಮೀಟರ್ ಬಂದರೆ, ಕರ್ಹಾ ನದಿಯ ದಡದ ಊರು ಇದು. ಘಟ್ಟ ದಾಟಿದ ಮೋಡಗಳು ಇಲ್ಲಿಗೆ ತಲುಪುವಷ್ಟರಲ್ಲಿ ಬರಿದಾಗಿರುತ್ತವೆ. ವರ್ಷದ ಮಳೆ ಸುಮಾರು 500 ಮಿಲಿಮೀಟರ್, ಅದೂ ನಂಬಿಕೆಯದ್ದಲ್ಲ. ಕರ್ಹಾ ನೀರಾ ನದಿಗೆ ಸೇರುತ್ತದೆ, ನೀರಾ ಭೀಮೆಗೆ. ಆ ಭೀಮೆಯೇ ವಿಜಯಪುರ, ಕಲಬುರಗಿ ಸೀಮೆಗೆ ಬರುವವಳು. ಹಾಗಾಗಿ ಬಾರಾಮತಿ ನಮಗೆ ತೀರಾ ಹೊರಗಿನದಲ್ಲ.

1876ರ ಬರ ಡೆಕ್ಕನ್ ಸೀಮೆಯನ್ನೆಲ್ಲ ಸುಟ್ಟಿತ್ತು. ಹಸಿದವರಿಗೆ ಕೂಲಿ ಕೊಟ್ಟು ನೀರಾ ಕಾಲುವೆಯ ಕೆಲಸ ಮಾಡಿಸಲಾಯಿತು. 1885ರಲ್ಲಿ ಅದರಲ್ಲಿ ನೀರು ಹರಿಯಿತು. ಮೇಲ್ಭಾಗದ ಭಾಟಘರ್ ಅಣೆಕಟ್ಟಿನ ನೀರೇ ಇದಕ್ಕೆ ಆಸರೆ. ಅಂದಿನಿಂದ ಇಲ್ಲಿನ ನೆಲ ಎರಡಾಯಿತು. ಕಾಲುವೆಗೂ ನೀರಾ ನದಿಗೂ ನಡುವಿನದು ಬಾಗಾಯತ್, ಅಂದರೆ ನೀರಾವರಿ ನೆಲ. ಕಾಲುವೆಗಿಂತ ಎತ್ತರದಲ್ಲಿ ಉತ್ತರಕ್ಕೆ ಉಳಿದದ್ದು ಜಿರಾಯತ್, ಮಳೆಯನ್ನೇ ನೆಚ್ಚಿದ ನೆಲ. ಬೆಳಗಾವಿ, ವಿಜಯಪುರ ಕಡೆಯವರಿಗೆ ಈ ಮಾತುಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮಾತ್ರ ಇವು ಬರೀ ಕಂದಾಯದ ಮಾತುಗಳಲ್ಲ. ಹೆಣ್ಣು ಕೊಡುವಾಗಲೂ ಕೇಳುವ ಪ್ರಶ್ನೆ ಇದು: ಜಮೀನು ಬಾಗಾಯತ್ತೋ, ಜಿರಾಯತ್ತೋ?

ನೀರು ಬಂತು, ಅದನ್ನು ಹಂಚುವುದು ಹೇಗೆ? ಇಲ್ಲಿ ನಮ್ಮವರೊಬ್ಬರ ಹೆಸರು ಬರುತ್ತದೆ. ಮೈಸೂರಿನ ದಿವಾನರಾಗುವ ಮುನ್ನ ಮುಂಬಯಿ ಸರ್ಕಾರದಲ್ಲಿ ಇಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರು ನೀರಾ ಕಾಲುವೆಗೆ ಬ್ಲಾಕ್ ಪದ್ಧತಿ ತಂದರು. ಕಾಲುವೆಯುದ್ದಕ್ಕೂ ನೀರನ್ನು ಚೆಲ್ಲಾಡದೆ, ಗೊತ್ತುಮಾಡಿದ ಬ್ಲಾಕುಗಳಿಗೆ ಕೊಡುವುದು. ಬ್ಲಾಕಿನ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ವರ್ಷದಿಂದ ವರ್ಷಕ್ಕೆ ಸರದಿ. ನೀರಿನ ಲೆಕ್ಕವೂ ನೆಲದ ಆರೋಗ್ಯವೂ ಒಂದೇ ಎಂದು ಕಂಡ ಯೋಜನೆ ಅದು. ನನಗೆ ಅವರ ದೊಡ್ಡ ಅಣೆಕಟ್ಟುಗಳಿಗಿಂತ ಇದರ ಮೇಲೇ ಹೆಚ್ಚು ಗೌರವ.

ಯಾಕೆಂದರೆ ನೀರು ಹೆಚ್ಚಾದ ಹೊಲಗಳ ಗತಿಯನ್ನೂ ಇಲ್ಲಿ ಕಾಣಬಹುದು. ಕರಿಮಣ್ಣಿಗೆ ಮಿತಿಮೀರಿ ನೀರು ಹಾಯಿಸಿದರೆ ಅಂತರ್ಜಲ ಮೇಲೇರುತ್ತದೆ. ಬಿಸಿಲು ಆ ನೀರನ್ನು ಹೀರುತ್ತದೆ, ಉಪ್ಪು ಮಣ್ಣಿನ ಮೇಲೆ ಉಳಿಯುತ್ತದೆ. ಬೇಸಗೆಯ ಬೆಳಿಗ್ಗೆ ಅಂಥ ಹೊಲಕ್ಕೆ ಹೋಗಿ. ಹೆಂಟೆಗಳ ಮೇಲೆ ತೆಳ್ಳಗೆ ಬಿಳಿ ಪದರ, ಸುಣ್ಣ ಉದುರಿಸಿದ ಹಾಗೆ. ಬೆರಳಿನಿಂದ ಸವರಿದರೆ ಪುಡಿಯಾಗುತ್ತದೆ, ನಾಲಿಗೆಗಿಟ್ಟರೆ ಒಗರುಪ್ಪು. ನಮ್ಮ ಕಡೆ ಇದನ್ನು ಸವಳು ಎನ್ನುತ್ತೇವೆ. ನೀರಾ ಕಣಿವೆಯ ಸವಳು ಭೂಮಿಯ ಬಗ್ಗೆ ಹೆರಾಲ್ಡ್ ಮ್ಯಾನ್ ಮತ್ತು ವಿ. ಎ. ತಾಮ್ಹಣೆ 1910ರಲ್ಲೇ ಬರೆದರು. ಕಾಲುವೆ ಬಂದು ಆಗಿನ್ನೂ 25 ವರ್ಷ ಅಷ್ಟೆ.

ಕಬ್ಬು ಮಾತ್ರ ನಿಲ್ಲಲಿಲ್ಲ. 1950ರ ದಶಕದಲ್ಲಿ ಮಾಳೇಗಾವ್ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು, ಆಮೇಲೆ ಸೋಮೇಶ್ವರ ಕಾರ್ಖಾನೆ. ನುರಿಸುವ ಹಂಗಾಮು ಬಂದರೆ ಬೀಡ್ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವವರು ಬರುತ್ತಾರೆ. ಗಂಡ ಹೆಂಡತಿ ಸೇರಿ ಲೆಕ್ಕಕ್ಕೆ ಒಂದು 'ಕೊಯ್ತಾ', ಎಂದರೆ ಕುಡುಗೋಲು. ಇಬ್ಬರು ಮನುಷ್ಯರನ್ನು ಒಂದು ಹತ್ಯಾರದ ಹೆಸರಿನಿಂದ ಎಣಿಸುವುದು ಎಷ್ಟು ಸಲ ಕೇಳಿದರೂ ನನಗೆ ನೋವಾಗುತ್ತದೆ. ಸಕ್ಕರೆಯ ಈ ಸಹಕಾರಿ ಲೋಕದಿಂದಲೇ ಇಲ್ಲಿನ ರಾಜಕೀಯವೂ ಬೆಳೆಯಿತು. ಪಕ್ಕದ ಕಾಟೇವಾಡಿಯ ಶರದ್ ಪವಾರ್ 1967ರಲ್ಲಿ ಬಾರಾಮತಿಯಿಂದಲೇ ಮೊದಲ ಸಲ ಶಾಸಕರಾದರು. ಕೈಗಾರಿಕಾ ಪ್ರದೇಶ, ಹೆಚ್ಚಿನ ಕಾಲೇಜುಗಳು, ಅಗಲ ರಸ್ತೆಗಳು ಬಂದದ್ದು ಆಮೇಲೆ. ಅವು ನಿಮ್ಮ ಕಣ್ಣಿಗೇ ಬೀಳುತ್ತವೆ.

ಕಣ್ಣಿಗೆ ಬೀಳದ ಇನ್ನೊಂದು ಬಾರಾಮತಿ ಇದೆ, ಮೋರೋಪಂತರದು. 1729ರಲ್ಲಿ ಪನ್ಹಾಳದಲ್ಲಿ ಹುಟ್ಟಿ, ಇಲ್ಲಿನ ಬಾಬೂಜಿ ನಾಯಕರ ಆಶ್ರಯದಲ್ಲಿ ಪುರಾಣ ಹೇಳುತ್ತ 1794ರವರೆಗೆ ಬಾಳಿದ ಮರಾಠಿ ಕವಿ. ಆರ್ಯಾ ವೃತ್ತ ಎಂದರೆ ಮರಾಠಿಯಲ್ಲಿ ಅವರೇ. ತುಟಿ ಸೇರಿಸಿ ಆಡುವ ಪ, ಬ, ಮ ಮೊದಲಾದ ಅಕ್ಷರಗಳಿಲ್ಲದೆ ಒಂದು ನಿರೋಷ್ಠ ರಾಮಾಯಣವನ್ನೂ ಬರೆದರು. ಯೋಚಿಸಿ ನೋಡಿ: ಅದರಲ್ಲಿ 'ರಾಮ' ಎಂಬ ಹೆಸರೇ ಬರುವಂತಿಲ್ಲ! ಕೊರತೆಯೊಳಗೇ ಬೆಳೆ ತೆಗೆಯುವುದು ಈ ಊರಿನ ಹಳೆಯ ವಿದ್ಯೆ ಎಂದು ನನಗೆ ಅನ್ನಿಸುವುದು ಇದಕ್ಕೇ.

ಅದೇ ವಿದ್ಯೆಯನ್ನು ಕಲಿಯಲೆಂಬಂತೆ ಪಕ್ಕದ ಮಾಳೇಗಾವ್ ಖುರ್ದ್‌ನಲ್ಲಿ 2009ರಲ್ಲಿ ಕೇಂದ್ರ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆಯೊಂದು ಶುರುವಾಯಿತು. ಬರ, ಬಿಸಿಲು, ಉಪ್ಪು ಇವನ್ನು ಬೆಳೆಗಳು ಹೇಗೆ ತಾಳಿಕೊಳ್ಳಬಹುದೆಂದು ಹುಡುಕುವುದೇ ಅದರ ಕೆಲಸ. ಜಾಗ ಇಲ್ಲಿಯದೇ ಆದದ್ದು ಸರಿಯಾಗಿದೆ.

ಒಂದು ಭಾನುವಾರ ಬಿಡುವು ಮಾಡಿಕೊಂಡು ವಾಯವ್ಯಕ್ಕೆ ಸುಪೆಯ ಕಡೆ ಹೋಗಿ. ಹಿಂದೆ ಶಹಾಜಿಯ ಜಹಗೀರಿಗೆ ಸೇರಿದ್ದ ಊರು. ಕಬ್ಬಿನ ಹಸಿರು ಮುಗಿದು ಜೋಳದ ಹೊಲ, ಕಲ್ಲುಗುಡ್ಡ, ಕುರಿಮಂದೆ ಕಾಣತೊಡಗುತ್ತವೆ. ಅಲ್ಲಿಯ ರೈತರು ಜನಾಯಿ-ಶಿರಸಾಯಿ ಏತ ನೀರಾವರಿಯ ನೀರಿಗೆ ಕಾಯುತ್ತಾರೆ. ಹೊಲದ ಬದುವಿನಲ್ಲಿ ಕೂತ ಹಿರಿಯರು ಸಿಕ್ಕರೆ ನಮಸ್ಕಾರ ಮಾಡಿ, 'ಆವರ್ತನ್ ಯಾವಾಗ?' ಎಂದು ಕೇಳಿ. ನೀರು ಬಿಡುವ ಸರದಿಗೆ ಇಲ್ಲಿನ ಮಾತು ಅದು. ಉತ್ತರ ಮುಗಿಯಲು ಅರ್ಧ ಗಂಟೆಯಾದರೂ ಬೇಕು, ಕೂತು ಕೇಳಿಸಿಕೊಳ್ಳಿ.