ಮಂಗ ಸತ್ತ ಸುದ್ದಿ ಎಲ್ಲಿಗೆ ಮುಟ್ಟಬೇಕು?



ಈ ಸಲದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಈ ಪಾಠಕ್ಕೆ ಕೊಡಿ. ಓದಲು ಬರುವವರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ.

ಮಳೆ ನಿಂತು ಕೊಯ್ಲು ಮುಗಿಯಿತೆಂದರೆ ಬಿಳಗಿಯ ಸುತ್ತಮುತ್ತ ನಾವು ಹೆಂಗಸರು ಬೆಟ್ಟಕ್ಕೆ ಹೊರಡುತ್ತೇವೆ. ಕಟ್ಟಿಗೆ ಬೇಕು, ಕೊಟ್ಟಿಗೆಗೆ ಒಣ ಎಲೆ ಬೇಕು, ತೋಟಕ್ಕೆ ಸೊಪ್ಪು ಬೇಕು. ಉಣುಗಿನ ಮರಿಗಳು ಒಣ ಎಲೆಯಲ್ಲಿ ತುಂಬಿಕೊಳ್ಳುವುದೂ ಇದೇ ಕಾಲದಲ್ಲಿ. ನವೆಂಬರ್-ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಹಂಗಾಮು. 2024ರಲ್ಲಿ ರಾಜ್ಯದಲ್ಲಿ ಈ ಕಾಯಿಲೆ ಹೆಚ್ಚು ಕಂಡ ತಾಲೂಕುಗಳಲ್ಲಿ ನಮ್ಮ ಸಿದ್ದಾಪುರವೂ ಒಂದು ಎಂಬುದನ್ನು ಯಾರೂ ಮರೆತಿಲ್ಲ.

ಈ ಕಾಯಿಲೆ ಪತ್ತೆಯಾದದ್ದೇ ನಮ್ಮ ಮಗ್ಗುಲಲ್ಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಕಾಡಿಗೆ ಹೋಗಿ ಬಂದವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ತಜ್ಞರು ಬಂದರು. ಮಂಗವೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ ಅಂದರೆ ಇದು ಹಳದಿ ಜ್ವರ ಇರಬಹುದು ಅಂತ ಮೊದಲು ಅನುಮಾನಪಟ್ಟರು. ಪರೀಕ್ಷೆ ಮಾಡಿದಾಗ ಇದು ಬೇರೆಯೇ ವೈರಸ್, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ಹತ್ತಿರದ ನೆಂಟ ಎಂದು ಗೊತ್ತಾಯಿತು. ಮಂಗ ಸತ್ತ ಸುದ್ದಿ ಊರಿನಿಂದ ಹೊರಗೆ ಹೋಗದೇ ಇದ್ದಿದ್ದರೆ ಇದಕ್ಕೆ ಹೆಸರೇ ಇರುತ್ತಿರಲಿಲ್ಲ.

ಬಹಳ ವರ್ಷ ಇದು ಮಲೆನಾಡಿನ ಕಾಯಿಲೆ ಅಂತ ಉಳಿದವರು ಸುಮ್ಮನಿದ್ದರು. 2012ರಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಕಾಣಿಸಿತು. ಆಮೇಲೆ ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. ಉಣುಗಿಗೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ! ಹಾಗಾಗಿ ಈಗ ಒಂದು ಊರಿನ ರಕ್ತದ ಮಾದರಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಹೋಗುತ್ತದೆ, ಪುಣೆಯವರು ಸಂಶೋಧನೆ ಮಾಡುತ್ತಾರೆ, ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದವರು ಕಂಡುಹಿಡಿದ ಡೇಪಾ ಎಣ್ಣೆ ನಮ್ಮ ಕೈಕಾಲಿಗೆ ಬರುತ್ತದೆ. ದೊಡ್ಡ ಬಲೆ ಇದು. ಒಂದು ಕಣ್ಣಿ ಬಿಚ್ಚಿದರೂ ಮೀನು ಹೋಯಿತು.

ಕೊರೋನಾ ಕಾಲ ನೆನಪಿಸಿಕೊಳ್ಳಿ. 2020ರ ಮಾರ್ಚ್ 25ಕ್ಕೆ ದೇಶಕ್ಕೆಲ್ಲ ಲಾಕ್‌ಡೌನ್ ಆಯಿತು. ಅದು ಮಂಗನ ಕಾಯಿಲೆಯ ನಡು ಹಂಗಾಮು. ಜ್ವರ ಅಂದರೆ ಸಾಕು, ಎಲ್ಲಿ ಕ್ವಾರಂಟೈನಿಗೆ ಹಾಕುತ್ತಾರೋ ಎಂಬ ಹೆದರಿಕೆ. ಎಷ್ಟೋ ಕಡೆ ಜನ ಜ್ವರವನ್ನೇ ಮುಚ್ಚಿಟ್ಟರು. ಎರಡೂ ಜ್ವರವೇ ಆದರೂ ದಾರಿ ಬೇರೆ. ಕೊರೋನಾ ಮನುಷ್ಯರಿಂದ ಮನುಷ್ಯರಿಗೆ ಹೋಗುತ್ತದೆ. ಮಂಗನ ಕಾಯಿಲೆ ಹಾಗೆ ಹೋಗುವುದಿಲ್ಲ, ಉಣುಗು ಕಚ್ಚಬೇಕು. ಆದ್ದರಿಂದ ಕಾಯಿಲೆಯಾದವರ ಮನೆಗೆ ಹೋಗದೆ ಇರುವುದು, ಅವರನ್ನು ಸಭೆಗೆ ಸೇರಿಸದೆ ಇರುವುದು ಬರೀ ಅನ್ಯಾಯ.

ಆ ಕಾಲದಿಂದ ಒಂದು ಒಳ್ಳೆಯ ಸಂಗತಿಯೂ ಉಳಿಯಿತು. ಬೆಂಗಳೂರಿನ ಬಿಗ್‌ಟೆಕ್ ಮತ್ತು ಗೋವಾದ ಮೋಲ್ಬಯೋ ಕಂಪನಿಗಳು ಟ್ರೂನ್ಯಾಟ್ ಎಂಬ ಸಣ್ಣ ಯಂತ್ರ ಮಾಡಿದ್ದವು. ಬ್ಯಾಟರಿಯಲ್ಲಿ ನಡೆಯುತ್ತದೆ, ಮೇಜಿನ ಮೇಲೆ ಇಡಬಹುದು. ಕ್ಷಯ ಪತ್ತೆಗೆ ಬಳಕೆಯಲ್ಲಿದ್ದ ಅದನ್ನು 2020ರ ಏಪ್ರಿಲಿನಲ್ಲಿ ಕೊರೋನಾ ಪರೀಕ್ಷೆಗೂ ಐಸಿಎಂಆರ್ ಒಪ್ಪಿತು. ದೊಡ್ಡ ಲ್ಯಾಬ್ ಇಲ್ಲದ ಕಡೆಗೂ ಪರೀಕ್ಷೆ ಹೋಯಿತು. ಅದೇ ಯಂತ್ರಕ್ಕೆ ಹೊಂದುವ ಮಂಗನ ಕಾಯಿಲೆ ಪರೀಕ್ಷೆಯನ್ನೂ ಪುಣೆಯ ಸಂಸ್ಥೆ ಮೋಲ್ಬಯೋ ಜೊತೆ ಸೇರಿ ಮಾಡಿದೆ. ಮೊದಲಾದರೆ ಮಾದರಿ ದೂರ ಹೋಗಿ ಫಲಿತಾಂಶ ಬರುವಷ್ಟರಲ್ಲಿ ರೋಗಿ ಒಂದೋ ಗುಣವಾಗಿರುತ್ತಿದ್ದಳು, ಇಲ್ಲವೋ ಕೈಮೀರಿರುತ್ತಿತ್ತು.

ಲಸಿಕೆಯ ಮಾತನ್ನು ನೇರವಾಗಿ ಹೇಳಬೇಕು. 1990ರಿಂದ ಕೊಡುತ್ತಿದ್ದ ಲಸಿಕೆಯನ್ನು ಎರಡು ಡೋಸ್ ತಗೊಂಡು, ಆಮೇಲೂ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ನೋವೂ ಜಾಸ್ತಿ. ‘ಜನ ಲಸಿಕೆಗೆ ಬರೋದೇ ಇಲ್ಲ’ ಅಂತ ದೂರು ಕೇಳಿ ಕೇಳಿ ನಮಗೆ ಸಾಕಾಗಿತ್ತು. ಕೊನೆಗೆ ಅದರ ರಕ್ಷಣೆಯೇ ಕಡಿಮೆ ಎಂದು ತಿಳಿದು 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸವನ್ನು ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಕೈಗೆತ್ತಿಕೊಂಡಿದೆ. ಹಿಂದೆ ಯಾವಾಗಲೋ ಚುಚ್ಚಿಸಿಕೊಂಡಿದ್ದೇನೆ ಅಂತ ಧೈರ್ಯ ಮಾಡಿ ಬರಿಗಾಲಲ್ಲಿ ಬೆಟ್ಟಕ್ಕೆ ಹೋಗಬೇಡಿ.

ಇನ್ನೊಂದು ಸಂಗತಿ. ವಿಜ್ಞಾನಿಗಳೂ ಆರೋಗ್ಯ, ಅರಣ್ಯ, ಪಶು ಇಲಾಖೆಯವರೂ ಒಟ್ಟಿಗೆ ಕೂತು ಅಪಾಯದ ಜಾಗಗಳ ನಕ್ಷೆ ಮಾಡಿದರು, 2020ರಲ್ಲಿ ಪ್ರಕಟವಾಯಿತು. ನಿತ್ಯಹಸಿರು ಕಾಡು, ತೋಟ ಬೆರೆತ ಕಡೆ, ಊರ ತಳಿಯ ದನ ಹೆಚ್ಚಿದ್ದ ಕಡೆ ಅಪಾಯ ಜಾಸ್ತಿ ಎಂದು ಕಂಡಿತು. ಓದಿದರೆ ನಮ್ಮ ಊರನ್ನೇ ನೋಡಿ ಬರೆದ ಹಾಗಿದೆ. ಇಲಾಖೆಗಳು ಒಟ್ಟಿಗೆ ಕೂತದ್ದೇ ಇದರಲ್ಲಿ ದೊಡ್ಡದು ಅಂತ ನಮಗೆ ಅನಿಸುತ್ತದೆ. ಸತ್ತ ಮಂಗ ಒಂದು ಇಲಾಖೆಗೆ, ದನದ ಉಣುಗು ಇನ್ನೊಂದಕ್ಕೆ, ಜ್ವರ ಮತ್ತೊಂದಕ್ಕೆ ಸೇರಿದ್ದು. ಮೂರನ್ನೂ ಒಂದೇ ದಿನ ಕಾಣುವವಳು ಸೊಪ್ಪು ತರುವ ಹೆಂಗಸು. ಅವಳು ಬಾಯಿ ಬಿಡದಿದ್ದರೆ ಪುಣೆಯವರಿಗೆ ಏನು ಗೊತ್ತಾಗಬೇಕು?

ಆದ್ದರಿಂದ ಸತ್ತ ಮಂಗ ಅಥವಾ ಮುಸ್ಯ ಕಂಡರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಮಂಗ ಸತ್ತಾಗ ಮೈಯ ಉಣುಗು ಕೆಳಗಿಳಿದು ಸುತ್ತಲೂ ಹರಡುತ್ತದೆ. ಜಾಗದ ಗುರುತು ಇಟ್ಟುಕೊಂಡು ಅದೇ ದಿನ ಆಶಾ ಕಾರ್ಯಕರ್ತೆಗೆ, ಅರಣ್ಯ ಸಿಬ್ಬಂದಿಗೆ, ಪಂಚಾಯಿತಿಗೆ ತಿಳಿಸಿ. ಅತ್ತ ದನ ಬಿಡಬೇಡಿ, ಅಲ್ಲಿನ ಎಲೆ ಕೊಟ್ಟಿಗೆಗೆ ತರಬೇಡಿ. ಬೆಟ್ಟಕ್ಕೆ ಹೋಗುವಾಗ ಮೈತುಂಬ ಬಟ್ಟೆ, ಕೈಕಾಲಿಗೆ ಡೇಪಾ ಎಣ್ಣೆ. ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ.

ಉಣುಗು ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ಕೆಲವರಿಗೆ ರಕ್ತಸ್ರಾವ. ನೇರ ಔಷಧಿ ಇಲ್ಲ, ಆದರೆ ಬೇಗ ಆಸ್ಪತ್ರೆಗೆ ಸೇರಿದರೆ ಹೆಚ್ಚಿನವರು ಉಳಿಯುತ್ತಾರೆ. ಅಂಗಡಿಯ ನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಹೋಗಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚುತ್ತದೆ. ಬೆಟ್ಟಕ್ಕೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಒಮ್ಮೆ ಜ್ವರ ಬಿಟ್ಟು, ವಾರವೋ ಎರಡು ವಾರವೋ ಕಳೆದು ಮತ್ತೆ ಬರುವುದುಂಟು, ಆಗ ತಲೆ ಸುತ್ತು, ನಡುಕ, ಮಾತು ತಪ್ಪುವುದು ಕಂಡರೆ ತಡ ಬೇಡ.

ದಿನದ ಕೂಲಿ ತಪ್ಪುತ್ತದೆ, ಬಾಡಿಗೆ ಗಾಡಿಗೆ ದುಡ್ಡಿಲ್ಲ ಅಂತಲೇ ಎರಡು ದಿನ ತಡವಾಗುವುದು. ಈ ಹಂಗಾಮಿಗೆ ಸಂಘದ ಆಂತರಿಕ ಸಾಲದಲ್ಲಿ ಸ್ವಲ್ಪ ಹಣ ಬೇರೆ ತೆಗೆದಿಡಿ, ಸಭೆ ಕರೆಯುವ ತನಕ ಕಾಯದೆ ಅಧ್ಯಕ್ಷರು ಕೊಡುವಂತೆ ಠರಾವು ಮಾಡಿ. ನಡಾವಳಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಮಂಗ ಸತ್ತ ತಾರೀಕು, ಜಾಗ, ಯಾರಿಗೆ ಹೇಳಿದಿರಿ, ಅವರು ಯಾವಾಗ ಬಂದರು ಎಂದು ಬರೆಯಿರಿ. ಎರಡು ದಿನವಾದರೂ ಯಾರೂ ಬರದಿದ್ದರೆ ಆ ಹಾಳೆ ಹಿಡಿದು ನಾಲ್ಕು ಜನ ಪಂಚಾಯಿತಿಗೆ ಹೋಗಿ.

ಮುಂದಿನ ಸಭೆಗೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಎಣ್ಣೆ ಬಂದಿದೆಯಾ, ನಮ್ಮ ಕೇರಿಗೆ ಎಷ್ಟು ಬಾಟಲಿ, ರಕ್ತದ ಮಾದರಿ ಎಲ್ಲಿ ತೆಗೆಯುತ್ತಾರೆ, ಫಲಿತಾಂಶ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿ, ಅವರು ಹೇಳಿದ್ದನ್ನೂ ಅದೇ ಹಾಳೆಯಲ್ಲಿ ಬರೆದಿಡಿ.